ಅಕ್ಕನ ಹಾಡಿನ ಕೆಳಗೆ ಬಂದ ಅಕ್ಷರಗಳು

ಒಂದು ಜ್ವರ ಬಂದು ಹೋದ ಮೇಲೆ ನನ್ನ ಕಿವಿ ಹೋಯಿತು. ಕಿವಿಗೆ ಹಾಕುವ ಮೆಷಿನ್ನು ಸದ್ದನ್ನು ದೊಡ್ಡದು ಮಾಡಿತೇ ಹೊರತು ಮಾತನ್ನು ಬಿಡಿಸಿ ಕೊಡಲಿಲ್ಲ. ತೆಗೆದಿಟ್ಟೆ. ಚಿಕ್ಕನಾಯಕನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಕೆಲಸ. ಮೊದಲೆಲ್ಲ ಗಂಟೆಗಟ್ಟಲೆ ಕೂತು ಹರಟುತ್ತಿದ್ದ ಹೆಂಗಸರು ಈಗ ಅಳತೆ ರವಿಕೆಯನ್ನು ಮೇಜಿನ ಮೇಲಿಟ್ಟು, ಬೇಕಾದ್ದನ್ನು ಬೆರಳಲ್ಲಿ ತೋರಿಸಿ ಹೋಗುತ್ತಾರೆ. ಮನೆಯವರು ತೋಟದಿಂದ ಬಂದು ಏನೋ ಹೇಳುತ್ತಾರೆ. ನಾನು ಎರಡು ಸಲ ಏನು ಏನು ಅಂದರೆ, “ಏನಿಲ್ಲ ಬುಡು” ಎಂದು ಕೈಯಾಡಿಸಿ ಒಳಗೆ ಹೋಗುತ್ತಾರೆ. ಆ ಮಾತನ್ನು ಮಾತ್ರ ತುಟಿ ನೋಡಿಯೇ ತಿಳಿಯುವುದನ್ನು ಕಲಿತಿದ್ದೇನೆ.

ಹೀಗಾಗಿ ಸಂಜೆ ಹೊತ್ತು ಫೋನಿನಲ್ಲಿ ವಿಡಿಯೋ ನೋಡುವುದು ರೂಢಿಯಾಯಿತು. ಅದರಲ್ಲಿ ಆಡಿದ ಮಾತನ್ನು ಯಂತ್ರವೇ ಕೇಳಿಸಿಕೊಂಡು ಕೆಳಗೆ ಅಕ್ಷರದಲ್ಲಿ ಬರೆಯುತ್ತದೆ. ಯಾವುದೋ ದೇಶದ ಹೆಂಗಸು ಇಂಗ್ಲಿಷಿನಲ್ಲಿ ಅಡುಗೆ ಹೇಳಿಕೊಟ್ಟರೂ ಅದನ್ನು ಕನ್ನಡ ಮಾಡಿ ತೋರಿಸುತ್ತದೆ. ನಮ್ಮ ಬೀದಿಯವರ ಮಾತಿಗಿಂತ ಗುರುತಿಲ್ಲದವರ ಮಾತೇ ನನಗೆ ಹೆಚ್ಚು ಸಿಗುತ್ತಿತ್ತು.

ಒಂದು ದಿನ ಹಾಗೆ ನೋಡುತ್ತಿದ್ದಾಗ ಅಕ್ಕನ ಮುಖ ಕಂಡಿತು. ಅಕ್ಕನನ್ನು ಕೊಟ್ಟಿರುವುದು ಸಂಪಿಗೆ ಎಂಬ ಊರಿಗೆ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಅವಳು ಎತ್ತಿಕೊಟ್ಟರೆ ಹಿಂದಿನಿಂದ ಸೊಲ್ಲು ಹಿಡಿಯುತ್ತಿದ್ದವಳು ನಾನು. ಇಬ್ಬರೂ ಅಮ್ಮನಿಂದ ಕಲಿತದ್ದು. ಅಕ್ಕನ ಸೊಸೆ ಅವಳನ್ನು ಜಗಲಿಯ ಮೇಲೆ ಕೂರಿಸಿ, ಹಾಡನ್ನು ಫೋನಿನಲ್ಲಿ ಹಿಡಿದು ಹಾಕಿದ್ದಳು. ನಾನು ಕೂರಬೇಕಾದ ಜಾಗದಲ್ಲಿ ಅಕ್ಕನ ಪಕ್ಕದ ಮನೆಯಾಕೆ ಕೂತಿದ್ದಳು.

ಯಾವ ಹಾಡು ಎಂದು ತಿಳಿಯಲು ಅಕ್ಷರ ಹಚ್ಚಿದೆ. ಹಾಡಿನುದ್ದಕ್ಕೂ ‘ಸಂಗೀತ’ ಎಂಬ ಒಂದೇ ಪದ ನಿಂತಿತ್ತು. ಹಾಡು ಮುಗಿದು ಮಾತು ಶುರುವಾದಾಗ ಯಂತ್ರ ಬರೆಯಿತು: “ತಂಗಿ ನಾ ಕರಿ ಬೇಕಿತ್ತು ಕಣ್ಣೀರು.” ನಾಲ್ಕು ಸಲ ಓದಿದೆ. ಆಮೇಲೆ ಅದನ್ನೇ ಬಾಯಿಬಿಟ್ಟು ಅಂದುಕೊಂಡಾಗ ಹೊಳೆಯಿತು. ಪಕ್ಕದ ಮನೆಯಾಕೆ “ತಂಗೀನ ಕರೀಬೇಕಿತ್ತು ಕಣ್ರೀ” ಎಂದಿದ್ದಳು. ಕಣ್ರೀ ಎಂಬುದು ಯಂತ್ರಕ್ಕೆ ಕಣ್ಣೀರಾಗಿ ಕೇಳಿಸಿತ್ತು. ಅಕ್ಕನ ಉತ್ತರವನ್ನು ಮಾತ್ರ ಅದು ಸರಿಯಾಗಿಯೇ ಬರೆದಿತ್ತು: “ಅವಳಿಗೆ ಎಲ್ಲಿ ಕೇಳುತ್ತದೆ, ಸುಮ್ಮನೆ ಕಷ್ಟ.”

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಿಪಟೂರಿನಲ್ಲಿ ಬಸ್ಸು ಬದಲಿಸಿ, ತುರುವೇಕೆರೆ ಮೇಲೆ ಸಂಪಿಗೆಗೆ ಹೋದೆ.

ಅಕ್ಕ ಕಾಯಿ ತುರಿಯುತ್ತಿದ್ದಳು. ವಿಡಿಯೋ ತೋರಿಸಿ, “ಏನಕ್ಕ ಇದು?” ಅಂದೆ. ಅವಳು ಓದಿದಳು. ಮುಖ ಕೆಂಪಾಯಿತು. ಸೊಸೆ ಬಂದು, ಮಾತನ್ನು ಅಕ್ಷರ ಮಾಡುವಂತೆ ನನ್ನ ಫೋನನ್ನು ಹೊಂದಿಸಿ ಅಕ್ಕನ ಬಾಯಿಯ ಹತ್ತಿರ ಹಿಡಿದಳು. ಅಕ್ಕ ಹೇಳಿದ್ದು ತಪ್ಪುತಪ್ಪಾಗಿ ಬಂತು, ಸೊಸೆ ಅದನ್ನು ತಿದ್ದಿ ನನಗೆ ಕೊಟ್ಟಳು. “ಕರೀಬೇಕು ಅಂತಾನೇ ಇದ್ದೆ ಕಣೇ. ನೀನ್ ರಾಗ ತಪ್ಪುದ್ರೆ ನಾಲ್ಕ್ ಜನ ನಗ್ತಾರೆ. ಅದನ್ನ ನೋಡಕ್ಕೆ ನನ್ ಕೈಲಿ ಆಗಲ್ಲ.”

“ಯಾರೂ ಇಲ್ವಲ್ಲ ಈಗ. ಹೇಳು,” ಅಂದೆ.

ಅಕ್ಕ ಕೈ ಒರೆಸಿಕೊಂಡು ಬಂದು ನನ್ನ ಅಂಗೈ ಮೇಲೆ ತಾಳ ಹಾಕಿದಳು. ಅವಳ ತುಟಿ ನೋಡುತ್ತಾ ನಾನೂ ಹಾಡಿದೆ. ಎದೆಯಲ್ಲಿ ದನಿ ನಡುಗುವುದು ತಿಳಿಯುತ್ತಿತ್ತು, ಅದು ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯುತ್ತಿರಲಿಲ್ಲ. ಎರಡನೆಯ ನುಡಿಗೆ ಅಕ್ಕನ ಕೈ ನಿಂತಿತು. “ಚೆನ್ನಾಗೈತೆ,” ಅಂದಳು. ಅದು ತುಟಿಯಲ್ಲೇ ತಿಳಿಯಿತು. ನಾನು ಸೊಸೆಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಆಮೇಲೆ ನಾನು ಹಾಡಲಿಲ್ಲ.

ಹೊರಡುವ ಮುಂಚೆ ಸೊಸೆಯ ಹತ್ತಿರ ಕೂತು ಆ ವಿಡಿಯೋದಲ್ಲಿ ‘ಸಂಗೀತ’ ಎಂದಿದ್ದ ಜಾಗಕ್ಕೆ ಹಾಡನ್ನು ಸಾಲುಸಾಲಾಗಿ ಬರೆಸಿದೆ. ಮೂರನೆಯ ನುಡಿಯಲ್ಲಿ ಅಕ್ಕ ಎರಡು ಸಾಲು ಮರೆತು, ಬೇರೆ ಹಾಡಿನದನ್ನು ಸೇರಿಸಿಬಿಟ್ಟಿದ್ದಳು. ಸೊಸೆ ಬರೆದದ್ದನ್ನು ಓದುವಾಗ ಗೊತ್ತಾಯಿತು. ಸರಿಯಾದದ್ದನ್ನು ಹೇಳಿದೆ. ಅಕ್ಕ ತಲೆಯ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ, ಅಮ್ಮ ಹಂಗೇ ಹೇಳ್ತಿತ್ತು ಕಣೇ!” ಅಂದಳು.

ಈಗ ಹೊಸ ಹಾಡು ಹಿಡಿಯುವಾಗೆಲ್ಲ ಸೊಸೆ ಮೆಸೇಜು ಕಳಿಸುತ್ತಾಳೆ, ನಾನು ಹೋಗುತ್ತೇನೆ. ಮುಂಚಿನ ದಿನ ಅಕ್ಕನಿಗೆ ಮರೆತ ಸಾಲುಗಳನ್ನು ನೆನಪು ಮಾಡಿಕೊಡುತ್ತೇನೆ, ಆಮೇಲೆ ಕೆಳಗೆ ಬರಬೇಕಾದ ಅಕ್ಷರವನ್ನು ತಿದ್ದುತ್ತೇನೆ. ಹಾಡುವ ಹೊತ್ತಿಗೆ ಮಾತ್ರ ಫೋನಿನ ಕಣ್ಣಿಗೆ ಬೀಳದ ಹಾಗೆ ಕಂಬದ ಪಕ್ಕ ಕೂರುತ್ತೇನೆ. ಅಕ್ಕ ಮತ್ತು ಪಕ್ಕದ ಮನೆಯಾಕೆಯ ಬಾಯಿಗಳು ಒಟ್ಟಿಗೆ ತೆರೆಯುತ್ತವೆ, ಒಟ್ಟಿಗೆ ಮುಚ್ಚುತ್ತವೆ. ಹಾಡು ಮುಗಿದದ್ದು, ಅವರಲ್ಲೊಬ್ಬರು ನೀರಿನ ಚೊಂಬಿಗೆ ಕೈ ಚಾಚಿದಾಗ ನನಗೆ ತಿಳಿಯುತ್ತದೆ.