ಗೋಳಿಬಜೆಗೆಲ್ಲಿದೆ ಪೇಟೆಂಟ್

“ಇದು ಡೂಪ್ಲಿಕೇಟ್ ಮಾರಾಯ್ರೆ, ನಂಗೆ ಒರಿಜಿನಲ್ಲೇ ಕೊಡಿ” ಎನ್ನುತ್ತಾ ಮಾವ ಬಿ.ಪಿ. ಮಾತ್ರೆಯ ಸ್ಟ್ರಿಪ್ಪನ್ನು ಮೆಡಿಕಲ್ ಅಂಗಡಿಯವರತ್ತ ಹಿಂದಕ್ಕೆ ತಳ್ಳಿದರು. ಠಾಣೆ ಜಿಲ್ಲೆಯ ಠಾಕುರ್ಲಿ ಸ್ಟೇಷನ್ ಬಳಿ ಹೋಟೆಲಿಟ್ಟು, ಮೈದಾ-ಮೊಸರಿನ ಹಿಟ್ಟನ್ನು ಉಂಡೆಯಾಗಿ ಕರಿದ ಗೋಳಿಬಜೆ ಮಾರುವ ನನ್ನ ಸೋದರಮಾವನಿಗೆ, ತಾವು ಮೊದಲಿನಿಂದ ನುಂಗುತ್ತಿದ್ದ ಕಂಪನಿಯದಲ್ಲದ ಮಾತ್ರೆಯೆಲ್ಲ ಸೀಮೆಸುಣ್ಣ. ಅದು ಸಿಗುತ್ತಿಲ್ಲವೆಂದು ವಾರದಿಂದ ಮಾತ್ರೆಯನ್ನೇ ಬಿಟ್ಟು, ಚಟ್ನಿ ಕೇಳಿದ ಗಿರಾಕಿಗಳ ಮೇಲೂ ರೇಗುತ್ತಿದ್ದರು. ಅತ್ತೆ ಗಾಬರಿಯಾಗಿ ನನ್ನನ್ನು ಜೊತೆಗೆ ಅಟ್ಟಿದ್ದರು.

ಅಂಗಡಿಯವರು ವಿಜಾಪುರದ ಕಡೆಯವರು, ಮಾವನ ಹೋಟೆಲಿನ ಕಾಯಂ ಗಿರಾಕಿ. “ಒಳಗಿನ ಔಷಧ ಅದೇ ಐತ್ರಿ. ಅದರ ಪೇಟೆಂಟ್ ಮುಗಿದು ಭಾಳ ವರ್ಷ ಆತು, ಈಗ ಬ್ಯಾರೆ ಕಂಪನಿಯವರೂ ಮಾಡ್ತಾರ. ಗೋಳಿಬಜೆ ಮೊದಲ ಮಾಡಿದವರು ನೀವೇನ್ರಿ?” ಎಂದು ಕೇಳಿದರು.

ಮಾವನ ಹೋಟೆಲಿನ ಬೋರ್ಡಿನಲ್ಲಿ ‘ಒರಿಜಿನಲ್ ಉಡುಪಿ’ ಎಂದಿದೆ. ಅವರು ಹುಟ್ಟಿದ್ದು ಪುತ್ತೂರಿನಲ್ಲಿ, ಬಜೆ ಬಿಡಲು ಕಲಿತದ್ದು ಠಾಣೆಯಲ್ಲಿ, ಬೇರೆಯವರ ಹೋಟೆಲಿನಲ್ಲಿ. ಮಾವ ಮಾತ್ರೆಯ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡರು.

ಈಗ ಮಾತ್ರೆ ತಪ್ಪಿಸುವುದಿಲ್ಲ, ಬಿ.ಪಿ.ಯೂ ಹತೋಟಿಯಲ್ಲಿದೆ. ಮೊನ್ನೆ ಎದುರುಗಡೆ ಹೊಸ ಹೋಟೆಲು ತೆರೆದು ಅಲ್ಲಿಯೂ ಗೋಳಿಬಜೆ ಶುರುವಾದಾಗ, ಜಗಳವಾದೀತೆಂದು ನಾನು ಹೆದರಿದ್ದೆ. ಮಾವ ನಗುತ್ತಾ, “ಪೇಟೆಂಟ್ ಮುಗಿದಿದೆಯಲ್ಲ, ಮಾಡ್ಲಿ ಬಿಡು” ಎಂದರು. ಆಮೇಲೆ ಮೆಲ್ಲಗೆ ನನ್ನನ್ನೇ ಕಳಿಸಿ ಒಂದು ಪ್ಲೇಟು ತರಿಸಿದರು. ಒಂದು ಬಜೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ತಟ್ಟೆಯನ್ನು ಹಿಂದಕ್ಕೆ ತಳ್ಳಿದರು: “ಡೂಪ್ಲಿಕೇಟ್.”