ಕಾಸಿದ ಹಾಲಿನ ನೊರೆ

ದನದ ಡಾಕ್ಟರಮ್ಮನನ್ನು ನಾವು ಬಾಯಿ ಎನ್ನುತ್ತಿದ್ದೆವು. ಬಾಯಿಯ ಬೆರಳ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡಿದ್ದವು. ಪೆನ್ನಿನ ಮುಚ್ಚಳ ತೆಗೆಯುವುದೂ ಆ ಬೆರಳುಗಳಿಗೆ ಕಷ್ಟವಾಗಿತ್ತು. ಆದರೂ ಪರೀಕ್ಷೆಗೆ ಬೇಕಾದ ಹಾಲನ್ನು ತಾವೇ ಹಿಂಡುತ್ತಿದ್ದರು. ಕೆಚ್ಚಲು ತೊಳೆದು, ಒರೆಸಿ, ಮೊದಲ ಧಾರೆಗಳನ್ನು ಕರಿ ಬಟ್ಟಲಿಗೆ ಹಿಂಡಿ ನೋಡಿ, ಚೆಲ್ಲಿ, ಆಮೇಲೆ ಸೀಸೆಗೆ ಹಿಡಿಯುತ್ತಿದ್ದರು. "ನಾವು ಹಿಂಡಿ ಕೊಡ್ತೀವಿ ಬಿಡ್ರಿ" ಎಂದರೆ ಕೇಳುವವರಲ್ಲ. "ನೀವ್ ಹಿಂಡಿದ್ರ ನಿಮ್ಮ ಕೈ ಹೊಲಸೂ ಸೀಸೇದಾಗ ಬರ್ತದ. ನನಗ ಆಕಳ ಸುದ್ದಿ ಸಾಕ್ರಿ, ನಿಮ್ಮ ಸುದ್ದಿ ಬ್ಯಾಡ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದನಗಳ ಆರೋಗ್ಯ ಮತ್ತು ಹಾಲಿನ ಗುಣದ ಮೇಲೆ ಅವರ ಸಂಶೋಧನೆ ನಡೆದಿತ್ತು. ಅಫಜಲಪುರದ ಒಂದು ಬಾಡಿಗೆ ಕೋಣೆಯೇ ಪ್ರಯೋಗಶಾಲೆ. ಅವರು ಬೆನ್ನು ಹತ್ತಿದ್ದು ಕಂದುರೋಗವನ್ನು. ಅದು ತಗುಲಿದ ಆಕಳು ತಿಂಗಳು ತುಂಬುವ ಮೊದಲೇ ಕರು ಹಾಕಿಬಿಡುತ್ತದೆ. ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ, ಬಸುರಿಗೆ ಬಂದರೆ ಹೊಟ್ಟೆಯ ಕೂಸಿಗೇ ಕುತ್ತು. ಹಾಲನ್ನು ಚೆನ್ನಾಗಿ ಕುದಿಸಿದರೆ ಭಯವಿಲ್ಲ. ಬೇರೆಯವರು ಹೊರಡುವಾಗ "ಬರ್ತೇನ್ರಿ" ಎಂದರೆ ಬಾಯಿ "ಕುದಿಸಿ ಕುಡೀರಿ" ಎನ್ನುತ್ತಿದ್ದರು. ನಮ್ಮೂರು ಹಿರೋಳ್ಳಿಯಲ್ಲಿ ನಾವೆಲ್ಲ ಅದಕ್ಕೆ ನಗುತ್ತಿದ್ದೆವು.

ಆ ವರ್ಷ ನಾನು ಚೊಚ್ಚಲ ಬಸುರಿ. ಅದೇ ಹೊತ್ತಿಗೆ ನಮ್ಮ ದೇವಣಿ ತಳಿಯ ಆಕಳು ಕಂದು ಹಾಕಿತು, ಹಾಲು ಮಾತ್ರ ನಿಲ್ಲಲಿಲ್ಲ. ಅತ್ತೆಯ ತಂಗಿ ಪಡಸಾಲೆಯಲ್ಲಿ ಕೂತು, ನನಗೆ ಕೇಳಲೆಂದೇ, "ಸೊಸಿ ಹೊಟ್ಟಿ ನಿಂತಿತು, ಆಕಳ ಹೊಟ್ಟಿ ಹೋತು. ಕಾಲ್ಗುಣ ನೋಡ್ರಿ" ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಎದುರಾಡುವಂತಿಲ್ಲ, ಹೊಸ ಸೊಸೆ. ಅತ್ತೆ ಮಾತ್ರ ಹಾಗೆಂದವರಲ್ಲ. ಅವರ ಚಿಂತೆಯೆಲ್ಲ ನನ್ನ ಕುಬಸದ್ದು, ಅಂದರೆ ಸೀಮಂತದ್ದು. ನಮ್ಮ ಮನೆಯಲ್ಲಿ ಕುಬಸದ ದಿನ ಮನೆಯ ಆಕಳನ್ನು ಆಗಷ್ಟೇ ಹಿಂಡಿ, ನೊರೆ ಆರುವ ಮೊದಲು ಬಸುರಿಗೆ ಕುಡಿಸಬೇಕು. ಅತ್ತೆಗೂ ಹಾಗೆಯೇ ಕುಡಿಸಿದ್ದರಂತೆ.

ಹಾಲು ಹಿಡಿಯಲು ಬಂದಿದ್ದ ಬಾಯಿಯನ್ನು ಅತ್ತೆಯೇ ಕುಬಸಕ್ಕೆ ಕರೆದರು, ನೊರೆಹಾಲಿನ ಸಂಗತಿಯನ್ನೂ ಹೇಳಿದರು. ಬಾಯಿಯ ಮುಖ ಬಿಗಿಯಿತು.

"ಈ ಕಂದು ಹಾಕಿದ ಆಕಳದ್ದೇನ್ರಿ? ಕಾಸಿ ಕೊಡ್ರಿ ಅವ್ವಾರ."

"ಕಾಸಿದ್ರ ಅದು ನೊರಿಹಾಲ ಹ್ಯಾಂಗ ಆಗ್ತದ್ರಿ ಬಾಯಾರ?" ಎಂದು ಅತ್ತೆ ನಕ್ಕರು.

ಕುಬಸದ ದಿನ ಬೆಳಿಗ್ಗೆ ಅಫಜಲಪುರದಲ್ಲಿ ನಮ್ಮ ಆಕಳ ಹಾಲಿಗೆ ಬಣ್ಣದ ಔಷಧ ಹಾಕಿ ಇಟ್ಟಿದ್ದ ಗಾಜಿನ ನಳಿಕೆಯಲ್ಲಿ ಕೆನೆಯ ಸುತ್ತ ನೀಲಿ ಉಂಗುರ ಕಟ್ಟಿತ್ತು. ರೋಗವಿದ್ದರೆ ಹಾಗೆ ಕಟ್ಟುತ್ತದೆ. ಬಾಯಿ ಫೋನ್ ಮಾಡಿದರು. ನನ್ನ ಗಂಡನ ಫೋನು ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು, ಮನೆ ತುಂಬ ಹೆಂಗಸರ ಹಾಡು. ಯಾರಿಗೆ ಕೇಳಬೇಕು? ಬಾಯಿ ಜೀಪು ಹತ್ತಿ ದಾರಿಯುದ್ದಕ್ಕೂ ಒಂದೇ ನಂಬರು ಒತ್ತುತ್ತಿದ್ದರಂತೆ. ಅವರ ಡ್ರೈವರ್ ಆಮೇಲೆ ಹೇಳಿದ.

ನಾನು ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದೆ. ಅತ್ತೆ ಲೋಟ ತಂದು ತುಟಿಗೆ ಹಿಡಿದರು. ನೊರೆ ಮೂಗಿಗೆ ತಾಗಿತು.

"ಅವ್ವಾರ, ತಡೀರಿ!"

ಹಾಡು ನಿಂತಿತು. ಬಾಗಿಲಲ್ಲಿ ಬಾಯಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದರು. ಅತ್ತೆಯ ತಂಗಿ ಕೇಳಿಯೇಬಿಟ್ಟಳು: "ಯಾಕ್ರಿ, ಆಕಳಿಗೆ ಏನರ ಆಗ್ಯಾದೇನು?"

ಹೌದು ಎಂದರೆ ಸಾಕಿತ್ತು, ತುಂಬಿದ ಸಭೆಯಲ್ಲಿ ಆಕಳ ರೋಗವೂ ನನ್ನ ತಲೆಗೇ ಬರುತ್ತಿತ್ತು. ಕಾಲ್ಗುಣದ ಮಾತು ಬಾಯಿಯ ಕಿವಿಗೂ ಬಿದ್ದಿತ್ತು. ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ನನಗ ಕರದು ನಾ ಬರೋತನಕ ತಡೀಬಾರದೇನ್ರಿ? ಹಾಲ ನಾನ ಕುಡಸ್ತೇನಿ" ಎನ್ನುತ್ತ ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು ನೇರ ಅಡುಗೆಮನೆಗೆ ನಡೆದರು.

ನಾನು ಕೂತಲ್ಲಿಗೇ ಅಡುಗೆಮನೆಯ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಹಾಲನ್ನು ಪಾತ್ರೆಗೆ ಸುರಿದು ಒಲೆಗಿಟ್ಟರು. ಅತ್ತೆ ಬುಸುಗುಟ್ಟುತ್ತ ಹಿಂದೆಯೇ ಹೋದರು.

"ಶಾಸ್ತ್ರ ಕೆಡಸಬ್ಯಾಡ್ರಿ ಬಾಯಾರ. ನೊರಿ ಇಲ್ಲದ ಹಾಲ ನಡ್ಯಾದಿಲ್ಲ."

"ನೊರಿ ಬೇಕಲ್ರಿ? ಕೊಡ್ತೇನಿ."

ಹಾಲು ಉಕ್ಕಿತು. ಬಾಯಿ ಎರಡು ಚೊಂಬು ಹಿಡಿದು ಒಂದರಿಂದ ಇನ್ನೊಂದಕ್ಕೆ, ತಲೆಯ ಮೇಲಿನವರೆಗೂ ಕೈ ಎತ್ತಿ, ಸುರಿಯತೊಡಗಿದರು. ಊದಿದ ಬೆರಳುಗಳಿಗೆ ಚೊಂಬು ಸರಿಯಾಗಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬಿಸಿ ಹಾಲು ಮಣಿಕಟ್ಟಿಗೆ ಸಿಡಿದಾಗ ತುಟಿ ಕಚ್ಚಿದರೇ ಹೊರತು ನಿಲ್ಲಿಸಲಿಲ್ಲ. ಸುರಿದರು, ಮತ್ತೆ ಸುರಿದರು. ಕೊನೆಗೆ ಕೆಚ್ಚಲಿನಿಂದ ಬಂದದ್ದಕ್ಕಿಂತ ದಪ್ಪ ನೊರೆ ಎದ್ದಿತು. ಲೋಟ ನನ್ನ ಮುಂದೆ ಬಂದಾಗ ಹಾಡು ಮತ್ತೆ ಶುರುವಾಯಿತು.

ಊಟದ ಗದ್ದಲದಲ್ಲಿ ಬಾಯಿ ನನ್ನನ್ನು ಒಳಕೋಣೆಗೆ ಕರೆದರು. "ಖರೇ ಹೇಳು ತಂಗಿ, ಇದರ ಹಸಿ ಹಾಲ ಮೊದಲ ಏನರ ಕುಡ್ದೀ ಏನು?"

ಕುಡಿದಿದ್ದೆ. ಬಸುರಿಗೆ ಬಲ ಬರಲೆಂದು ಅತ್ತೆ ಕೊಟ್ಟಿಗೆಯಲ್ಲಿ ನಿಲ್ಲಿಸಿಯೇ ಪ್ರೀತಿಯಿಂದ ಕುಡಿಸುತ್ತಿದ್ದರು. ತಲೆ ಆಡಿಸಿದೆ. ಬಾಯಿ ಕಣ್ಣು ಮುಚ್ಚಿಕೊಂಡರು. ಮರುದಿನ ತಮ್ಮ ಜೀಪಿನಲ್ಲೇ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದರು. ರಕ್ತ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂತೆವು. ಕೂಸು ಒದ್ದರೂ ಹೆದರಿಕೆ, ಒದೆಯದಿದ್ದರೂ ಹೆದರಿಕೆ. ನಾನು ಅಳುತ್ತಿದ್ದೆ. ಬಾಯಿ ಆ ಗಂಟುಗಂಟಾದ ಬೆರಳುಗಳಿಂದ ನನ್ನ ಕೈ ಹಿಡಿದರು.

"ನೌಕರಿಗೆ ಹೊಸದಾಗಿ ಸೇರಿದಾಗ ಬರಿಗೈಲೆ ಸತ್ತ ಕರ ಹೊರಗ ತೆಗದಿದ್ದೆ. ಆ ರೋಗಾನೇ ಹತ್ತಿತು. ಕೀಲು ಹಿಡೀತು. ಹೊಟ್ಯಾಗಿಂದು ಹೋತು, ಮತ್ತ ನಿಲ್ಲಲಿಲ್ಲ." ನನ್ನ ಕಣ್ಣೊರೆಸಿ, "ನಿಂದು ಉಳೀತದ. ಅಳಬ್ಯಾಡ" ಎಂದರು.

ರೋಗ ತಗುಲಿರಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ನೋಡಿಸಿದರು, ಆಗಲೂ ಇರಲಿಲ್ಲ. ಆಕಳ ಸಂಗತಿಯನ್ನು ಬಾಯಿ ಅತ್ತೆಗೆ ಕೊಟ್ಟಿಗೆಯಲ್ಲಿ ಒಬ್ಬರಿಗೇ ಹೇಳಿದರು. ಅಂದಿನಿಂದ ಅತ್ತೆ ಮನೆಯಲ್ಲಿ ಯಾರಿಗೂ ಹಸಿ ಹಾಲು ಕೊಡಲಿಲ್ಲ. ಆಕಳನ್ನು ಹೊಲದಲ್ಲಿ ಬೇರೆ ಕಟ್ಟಿ ಕಡೆತನಕ ಮೇವು ಹಾಕಿದೆವು. ಅತ್ತೆಯ ತಂಗಿಗೆ ಈ ಸಂಗತಿ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗಲಿ, ನನಗೇನೂ ಬೇಸರವಿಲ್ಲ.

ಈ ಬೇಸಿಗೆಯಲ್ಲಿ ಡ್ರೈವರ್‌ನ ಫೋನ್ ಬಂತು. "ಬಾಯಾರು ಹೋದ್ರು ಅಕ್ಕಾರ" ಎಂದ. ನಾನು ಅತ್ತೆಗೆ ಹೇಳಿದೆ. ಅತ್ತೆ ಎದ್ದು ಹಾಲು ಕಾಸಿದರು. ಉಕ್ಕುವ ತನಕ ಅಲ್ಲೇ ನಿಂತಿದ್ದರು. ಚೊಂಬು ಎತ್ತಲು ಹೋದರೆ ವಯಸ್ಸಾದ ಕೈ ಏಳಲಿಲ್ಲ.

"ನೊರಿ ನೀ ಎತ್ತು ಬೇ" ಎಂದರು.

ಎತ್ತಿ ಸುರಿದೆ. ಕಣ್ಣು ಮಂಜಾಗಿ ಅರ್ಧ ನೆಲಕ್ಕೇ ಹೋಯಿತು. ಉಳಿದದ್ದನ್ನು ಅತ್ತೆ ದೇವರ ಜಗಲಿಯ ಮೇಲಿಟ್ಟು ಕೈ ಮುಗಿದು, ಆ ಲೋಟವನ್ನೇ ನನ್ನ ಮಗಳ ಕೈಗೆ ಕೊಟ್ಟರು.

ಅವಳು ತುಟಿಗೆ ಹಚ್ಚಿ ಮುಖ ಸಿಂಡರಿಸಿದಳು. "ಸುಡಾಕತ್ತದ ಆಯಿ."

"ಊದಿಕೊಂಡು ಕುಡಿ" ಎಂದರು ಅತ್ತೆ. "ಅವ್ವನ ಹೊಟ್ಯಾಗ ಬಿಸಿ ಹಾಲ ಕುಡದು ಹುಟ್ಟೀದಿ ನೀ."