ಎಣ್ಣೆ ಹಚ್ಚಿಕೊಂಡವರಿಗೆ ಟಬ್ಬಿಲ್ಲ

ತುಮಕೂರಿನ ನಮ್ಮ ಮನೆಯ ಮಹಡಿಯಲ್ಲಿ ಹಾಟ್ ಟಬ್, ಅಂದರೆ ಒಂದೇ ನೀರನ್ನು ಸೋಸಿ ಸೋಸಿ ಬಿಸಿಯಾಗಿಡುವ ತೊಟ್ಟಿ, ಇದೆ ಎಂದು ಹೇಳಲು ನನಗೆ ಈಗಲೂ ಸಂಕೋಚ. ಕೇಳಿದವರು ಸಿರಿವಂತಿಕೆ ಎಂದುಕೊಳ್ಳುತ್ತಾರೆ. ಅಪ್ಪನದು ಟೈಲ್ಸ್, ನಲ್ಲಿ, ವಾಶ್ ಬೇಸಿನ್ನುಗಳ ಅಂಗಡಿ. ಗುಬ್ಬಿಯ ಗಿರಾಕಿಯೊಬ್ಬರು ಹೇಳಿ ತರಿಸಿ, ಮನೆಯವರು ಒಪ್ಪಲಿಲ್ಲವೆಂದು ಬಿಟ್ಟುಹೋದ ಟಬ್ಬು ಗೋಡೌನಿನಲ್ಲಿ ಧೂಳು ಹಿಡಿಯುತ್ತಿತ್ತು. ಅಮ್ಮನಿಗೆ ಕೀಲುವಾತ; ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಚ್ಚುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂತರೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಅದನ್ನು ಮಹಡಿಗೆ ಏರಿಸಿ, ಸುತ್ತ ಗೋಡೆ ಕಟ್ಟಿಸಿದರು. ಹಿಡಿದು ಇಳಿಯಲು ಒಂದು ಸ್ಟೀಲ್ ಕಂಬಿಯನ್ನೂ ಹಾಕಿಸಿದರು.

ಮೊದಮೊದಲು ಚೆನ್ನಾಗಿಯೇ ಇತ್ತು. ಆಯುಧಪೂಜೆಗೆ ಬಂದ ನೆಂಟರೆಲ್ಲ ಒಬ್ಬರ ಹಿಂದೊಬ್ಬರು ಇಳಿದರು. ನಾನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಹಾಸ್ಟೆಲಿನಲ್ಲಿದ್ದೆ; ನೀರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನೀರು ಬಿಸಿಯಿದ್ದಷ್ಟೂ ಅದರಲ್ಲಿನ ರೋಗಾಣು ಕೊಲ್ಲುವ ಕ್ಲೋರಿನ್ ಬೇಗ ಮುಗಿಯುತ್ತದೆ. ಬೆವರು, ಪೌಡರು, ತಲೆಯ ಎಣ್ಣೆ ಸೇರಿದರೆ ಇನ್ನೂ ಬೇಗ. ನೆಂಟರು ಹೊರಟ ಮೇಲೆ ಅಮ್ಮ ಅದೇ ನೀರಿನಲ್ಲಿ ಕೂತಳು. ಬೆನ್ನು, ಹೊಟ್ಟೆಯ ತುಂಬ ಕೆಂಪು ಗುಳ್ಳೆ. ಚರ್ಮದ ಡಾಕ್ಟರು ನೋಡಿದ ಕೂಡಲೇ ಯಾವ ಈಜುಕೊಳಕ್ಕೆ ಹೋಗಿದ್ದಿರಿ ಎಂದು ಕೇಳಿದರಂತೆ.

"ನಂಗೆ ಹಂಡೆ ನೀರೇ ಸಾಕು ಬುಡು," ಎಂದಳು ಅಮ್ಮ. ಟಬ್ಬು ಬಿಟ್ಟ ಮೇಲೆ ಬೆರಳು ಮತ್ತೆ ಬಿಗಿದವು.

ಹಾಸ್ಟೆಲಿನಿಂದ ಮನೆಗೆ ಬಂದವಳೇ ನಾನು ನೀರನ್ನೆಲ್ಲ ಹೊರಬಿಟ್ಟು, ಟಬ್ಬು, ಪೈಪುಗಳನ್ನು ತೊಳೆದು, ಹೊಸ ಫಿಲ್ಟರ್ ಹಾಕಿದೆ. ದಿನವೂ ನೀರಿಗೆ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ, ಅದು ತಿರುಗಿದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ಕ್ಲೋರಿನ್ ಸೇರಿಸಿದೆ. ಬಿಸಿ ಕಡಿಮೆಯೇ ಇಟ್ಟೆ. ತೀರಾ ಬಿಸಿಯಲ್ಲಿ ಹೆಚ್ಚು ಹೊತ್ತು ಕೂತು ಎದ್ದರೆ ತಲೆ ಸುತ್ತುತ್ತದೆ. ಮೊದಲು ನಾನೇ ಕೂತು, ಮೈಗೇನೂ ಆಗಲಿಲ್ಲವೆಂದು ತೋರಿಸಿದ ಮೇಲೆ ಅಮ್ಮ ಒಪ್ಪಿದಳು.

"ಇನ್ನೊಂದ್ಸಲ ಗುಳ್ಳೆ ಎದ್ರೆ ಮಾತ್ರ ಇದ್ರೊಳಕ್ಕೆ ಕಾಲಿಡಲ್ಲ ಕಣೇ."

ಅಷ್ಟರಲ್ಲಿ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಕುಣಿಗಲ್‌ನಿಂದ ದೊಡ್ಡಪ್ಪ ಬಂದರು. ಮರುದಿನ ಬೆಳಿಗ್ಗೆ, ಹಬ್ಬದ ಎಣ್ಣೆಸ್ನಾನದ ಹೊತ್ತಿಗೆ, ನೋಡಿದರೆ ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿಕೊಂಡು, ಟವೆಲು ಸುತ್ತಿಕೊಂಡು ಮಹಡಿ ಮೆಟ್ಟಿಲು ಹತ್ತುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ದೊಡ್ಡಪ್ಪ, ಎಣ್ಣೆ ಮೈಯಲ್ಲಿ ಇಳಿಯಂಗಿಲ್ಲ. ಕೆಳಗೆ ಸೀಗೆಪುಡಿ, ಸೋಪು ಹಾಕಿ ಸ್ನಾನ ಮಾಡ್ಕೊಂಡು ಬನ್ನಿ."

"ಸ್ನಾನ ಮಾಡ್ಕೊಂಡು ಬಂದು ಸ್ನಾನ ಮಾಡ್ಬೇಕಾ? ಕುಣಿಗಲ್ ಕೆರೆಗೆ ಇಳಿಯೋ ಎಮ್ಮೆಗೂ ಯಾರೂ ಇಂಗೆ ಕಾನೂನು ಹೇಳಲ್ಲ ಕಣವ್ವ!"

"ಕೆರೆ ದೊಡ್ದು, ದೊಡ್ಡಪ್ಪ. ಇಲ್ಲಿ ಎಣ್ಣೆ ಫಿಲ್ಟರಿಗೆ ಮೆತ್ಕೊಂಡ್ರೆ ಅಮ್ಮಂಗೆ ಮತ್ತೆ ಗುಳ್ಳೆ ಏಳ್ತವೆ."

"ಹಬ್ಬದ ದಿನ ಮನೆ ಹಿರಿಯನ್ನ ಬಾಗ್ಲಲ್ಲಿ ನಿಲ್ಲಿಸ್ತೀಯಾ?" ಎಂದವರು ಕೆಳಗೆ ಬಗ್ಗಿ ಅಪ್ಪನನ್ನು ಕೂಗಿದರು. "ಏ, ಬಾರ್ಲಾ ಇಲ್ಲಿ! ನಿನ್ ಮಗಳು ಮಾಡೋದ್ ನೋಡು!"

ಅಪ್ಪ ತಮ್ಮ ಅಣ್ಣನಿಗೆ ಯಾವತ್ತೂ ಇಲ್ಲ ಅಂದವರಲ್ಲ. "ಇವತ್ತೊಂದಿನ ಬುಡವ್ವ," ಎಂದರು ಮೆಲ್ಲಗೆ, "ಆಮೇಲೆ ನೀರು ಬದಲಾಯಿಸಿದ್ರಾಯ್ತು."

ಎಣ್ಣೆ ಪೈಪಿನೊಳಗೂ ಕೂರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅಮ್ಮ ಮೆಟ್ಟಿಲ ಮೇಲಿದ್ದಳು. ದೊಡ್ಡಪ್ಪನ ಎದುರು ಅವಳು ಕಾಫಿ, ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಂಡೆ ನೀರು ಕಾದೈತೆ ಭಾವ, ಆರ್ಹೋಗೋಕೆ ಮುಂಚೆ ಇಳ್ದು ಬನ್ನಿ. ಇದು ನನ್ ನೀರು."

ದೊಡ್ಡಪ್ಪ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಗೊಣಗುತ್ತ ಇಳಿದರು. ಬಚ್ಚಲಿನಿಂದ ಚೊಂಬಿನ ಸದ್ದು ಬಹಳ ಹೊತ್ತು ಕೇಳಿಸಿತು. ತಿರುಗಿ ಬಂದಾಗ ಸೀಗೆಯ ವಾಸನೆ ಘಮ್ಮೆನ್ನುತ್ತಿತ್ತು.

"ನಂಗೂ ಪಟ್ಟಿ ಅದ್ದಿ ನೋಡ್ತೀಯೇನವ್ವ?"

ನಗು ತಡೆದುಕೊಂಡು ದಾರಿ ಬಿಟ್ಟೆ. ಅವರು ಟಬ್ಬಿನಿಂದ ಎದ್ದ ಮೇಲೆ ಫಿಲ್ಟರ್ ತೊಳೆದು, ಕ್ಲೋರಿನ್ ಹಾಕಿ, ಮುಚ್ಚಳ ಮುಚ್ಚಿದೆ.

ಮರುದಿನ ನಾನು ಮಹಡಿಗೆ ಹೋಗುವ ಹೊತ್ತಿಗೆ ಅಮ್ಮನೇ ಪಟ್ಟಿ ಅದ್ದಿ, ಸೊಟ್ಟ ಬೆರಳುಗಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಡಬ್ಬಿಯ ಬಣ್ಣಗಳ ಜೊತೆ ಹೋಲಿಸುತ್ತಿದ್ದಳು. ಸರಿಯಿದೆಯಾ ಎಂದು ನನ್ನನ್ನು ಕೇಳಲಿಲ್ಲ. ಕಂಬಿ ಹಿಡಿದು ಇಳಿದಳು. ಹೆಮ್ಮೆಯನ್ನು ಬಾಯಲ್ಲಿ ಹೇಳುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಬಾಗಿಲು ಎಳೆದುಕೊಂಡು ಕೆಳಗೆ ಬಂದೆ.